ಕ್ರೂಸಿನ ಕಾಗದದಲ್ಲಿ ಊರಿನ ಹೆಸರು ಅಲ್ಲ, ಗಂಟೆ ನೋಡಿ

ಹೋದ ಆದಿತ್ಯವಾರ ನೀರ್ಚಾಲಿನಿಂದ ಮಾಷ್ಟ್ರು, ಟೀಚರ್ ಇಬ್ರೂ ಮನೆಗೆ ಬಂದಿದ್ರು. ರಿಟೈರ್ ಆಗಿ ನಾಲ್ಕು ವರ್ಷ ಆಯ್ತು, ಮಗ ದುಬೈಯಲ್ಲಿ, ಅಪ್ಪ ಅಮ್ಮ ಒಮ್ಮೆ ಯುರೋಪಿನಲ್ಲಿ ಕ್ರೂಸ್ ಹೋಗಿ ಬರ್ಲಿ ಅಂತ ಅವ ಪಟ್ಟು ಹಿಡಿದಿದ್ದಾನಂತೆ. ಮಾಷ್ಟ್ರ ಕೈಯಲ್ಲಿ ಪ್ರಿಂಟ್ ತೆಗೆದ ಮೂರು ಕಾಗದ. ಬೆಲ್ಲ ನೀರು ಆದ ಮೇಲೆ ಜಗಲಿಯಲ್ಲಿ ಮೂರನ್ನೂ ಸಾಲಾಗಿ ಇಟ್ಟು ಕೇಳಿದ್ರು, "ಇದ್ರಲ್ಲಿ ಯಾವುದಕ್ಕೆ ಹೋದ್ರೆ ಹೆಚ್ಚು ಊರು ನೋಡ್ಲಿಕ್ಕೆ ಸಿಗ್ತದೆ ಮಾರಾಯ?"

ಎರಡು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಕೇಳಿ, ಅತಿ ಹೆಚ್ಚು ಊರಿನ ಹೆಸರು ಇದ್ದ ಕಾಗದ ಆರಿಸಿ, ಹೆಂಡತಿ ಮತ್ತೆ ಅತ್ತೆಯನ್ನು ಕರ್ಕೊಂಡು ಹೋಗಿ ಬಂದವ. ಹಾಗಾಗಿ ಪ್ರಶ್ನೆಯೇ ತಪ್ಪು ಅಂತ ಗೊತ್ತುಂಟು. ನಮ್ಮಲ್ಲಿ ರಜೆ ಸಿಕ್ಕಿದ ಕೂಡ್ಲೆ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಬೆಳಿಗ್ಗೆ ನಾಲ್ಕಕ್ಕೆ ಹೊರಟು ಕಟೀಲು, ಉಡುಪಿ, ಕೊಲ್ಲೂರು ಎಲ್ಲ ಒಂದೇ ದಿನದಲ್ಲಿ ಮುಗಿಸಿ ರಾತ್ರಿ ಮನೆಗೆ ಬರ್ತೇವಲ್ಲ, ಮರುದಿನ ಯಾರಾದ್ರೂ ಹೇಗಾಯ್ತು ಅಂತ ಕೇಳಿದ್ರೆ ನೆನಪಿಗೆ ಬರುದು ಚಪ್ಪಲಿ ಇಟ್ಟ ಜಾಗ ಮತ್ತೆ ಊಟದ ಕ್ಯೂ ಮಾತ್ರ. ಕ್ರೂಸಿನಲ್ಲೂ ಹಾಗೆ ಮಾಡ್ಲಿಕ್ಕೆ ಆಗ್ತದೆ, ಖರ್ಚು ಮಾತ್ರ ಲಕ್ಷದಲ್ಲಿ.

ಮೊದಲು ಕ್ರೂಸ್ ಅಂದ್ರೆ ಎಂತ ಅಂತ ಚೂರು ಹೇಳ್ತೇನೆ, ಯಾಕಂದ್ರೆ ಟೀಚರಿಗೆ ಅದು ನೀಲೇಶ್ವರ ಕೋಟಪ್ಪುರದ ಹೌಸ್‌ಬೋಟಿನ ದೊಡ್ಡಣ್ಣ ಅಂತ ಇತ್ತು ಮನಸ್ಸಿನಲ್ಲಿ. ಹೌಸ್‌ಬೋಟಿನಲ್ಲಿ ಬೋಟೇ ಟೂರು, ಹಗಲು ನಿಧಾನಕ್ಕೆ ಹೋಗುದು, ಎರಡೂ ದಡ ನೋಡುದು, ರಾತ್ರಿ ಕಟ್ಟಿ ಹಾಕುದು. ಸಮುದ್ರದ ಕ್ರೂಸ್ ಇದಕ್ಕೆ ಪೂರಾ ಉಲ್ಟಾ. ರಾತ್ರಿ ನೀವು ಮಲಗಿರುವಾಗ ಹಡಗು ಓಡ್ತದೆ, ಬೆಳಿಗ್ಗೆ ಏಳೆಂಟು ಗಂಟೆಗೆ ಒಂದು ಬಂದರಿಗೆ ಬಂದು ನಿಲ್ತದೆ, ನೀವು ಇಳಿದು ಊರು ನೋಡಿ ಸಂಜೆ ಹೊತ್ತಿಗೆ ವಾಪಾಸ್ ಹತ್ಬೇಕು. ಅಂದ್ರೆ ಹಡಗು ಒಂದು ಲಾಡ್ಜ್, ಬೆಳಗಾಗುವಷ್ಟರಲ್ಲಿ ತಾನೇ ಬೇರೆ ಊರಿಗೆ ಹೋಗಿ ನಿಲ್ಲುವ ಲಾಡ್ಜ್. ಬ್ಯಾಗ್ ಒಮ್ಮೆ ಬಿಚ್ಚಿದ್ರೆ ಏಳು ದಿನ ಕಟ್ಟುವ ಪಂಚಾತಿಕೆ ಇಲ್ಲ, ವಯಸ್ಸಾದವರಿಗೆ ಇದೊಂದೇ ಕಾರಣ ಸಾಕು. ರೂಮು, ಊಟ, ರಾತ್ರಿಯ ಪ್ರೋಗ್ರಾಮ್ ಎಲ್ಲ ಟಿಕೆಟಿನಲ್ಲಿ ಬರ್ತದೆ. ವಿಮಾನ, ವೀಸಾ, ಇನ್ಶೂರೆನ್ಸ್, ಬಂದರಿನಿಂದ ಊರಿಗೆ ಹೋಗುವ ಖರ್ಚು, ಸಾಮಾನ್ಯವಾಗಿ ಡ್ರಿಂಕ್ಸ್, ವೈಫೈ ಇವೆಲ್ಲ ಬೇರೆ. ಹೆಚ್ಚಿನ ಕಂಪೆನಿಗಳು ಪ್ರತಿ ದಿನಕ್ಕೆ, ಪ್ರತಿ ಜನಕ್ಕೆ ಇಷ್ಟು ಅಂತ ಟಿಪ್ಸನ್ನೂ ಬಿಲ್ಲಿಗೆ ಸೇರಿಸ್ತಾರೆ. ಅದು ಟಿಕೆಟಿನಲ್ಲಿ ಸೇರಿದ್ಯಾ ಇಲ್ವಾ ಅಂತ ಮೊದಲೇ ಕೇಳಿ, ಇಲ್ಲದಿದ್ರೆ ಕೊನೆಯ ದಿನ ಬಾಗಿಲಿನ ಅಡಿಯಲ್ಲಿ ಬಿಲ್ಲು ಬಂದಾಗ ಮುಖ ಸಣ್ಣ ಆಗ್ತದೆ.

ಈಗ ಕಾಗದಕ್ಕೆ ಬರುವ. ಮಾಷ್ಟ್ರ ಮೊದಲನೇ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ "ರೋಮ್" ಅಂತ ಇತ್ತು, ಅದರ ಪಕ್ಕ ಸಣ್ಣಕ್ಕೆ ಚಿವಿತಾವೆಕ್ಕಿಯಾ, ಬೆಳಿಗ್ಗೆ 7ರಿಂದ ಸಂಜೆ 7. ಮಾಷ್ಟ್ರು ಹೇಳಿದ್ರು, ಹನ್ನೆರಡು ಗಂಟೆ ರೋಮ್, ಧಾರಾಳ ಆಯ್ತಲ್ಲ. ನಾನು ಪೆನ್ಸಿಲ್ ತಕ್ಕೊಂಡೆ. ಹಡಗು 7ಕ್ಕೆ ಬಂದ್ರೂ ಅಲ್ಲಿಯ ಕ್ಲಿಯರೆನ್ಸ್ ಆಗಿ, ಮೂರು ನಾಲ್ಕು ಸಾವಿರ ಜನರ ಸಾಲಿನಲ್ಲಿ ಇಳಿಯುವಾಗ 8. ಬಂದರಿನ ಒಳಗೆ ಶಟ್ಲ್ ಬಸ್ಸಿನಲ್ಲಿ ಗೇಟಿಗೆ, ಅಲ್ಲಿಂದ ರೈಲ್ವೆ ಸ್ಟೇಶನಿಗೆ, ಮತ್ತೆ ರೈಲು. ಚಿವಿತಾವೆಕ್ಕಿಯಾದಿಂದ ರೋಮಿಗೆ ಸುಮಾರು 80 ಕಿಲೋಮೀಟರ್, ಕಾಸರಗೋಡಿನಲ್ಲಿ ಇಳಿಸಿ ಕಣ್ಣೂರು ಅಂತ ಬೋರ್ಡ್ ಹಾಕಿದ ಹಾಗೆ. ರೋಮಿನಲ್ಲಿ ಕಾಲಿಡುವಾಗ ಹತ್ತಿರ ಹತ್ತಿರ 10. ಇನ್ನು ವಾಪಾಸಿನ ಲೆಕ್ಕ. 7ಕ್ಕೆ ಹಡಗು ಹೊರಡುದು ಅಂದ್ರೆ 6.30ಕ್ಕೆ, ಕೆಲವು ಕಡೆ 6ಕ್ಕೇ, ಎಲ್ಲರೂ ಒಳಗೆ ಇರ್ಬೇಕು. ರೈಲು ತಡ ಆಗ್ಬಹುದು ಅಂತ ಒಂದೂವರೆ ಗಂಟೆ ಕೈಯಲ್ಲಿ ಇಟ್ಕೊಂಡ್ರೆ 5ಕ್ಕೆ ಬಂದರಿಗೆ ಮುಟ್ಬೇಕು, ಅಂದ್ರೆ ಮೂರೂಕಾಲಿಗೆಲ್ಲ ರೋಮಿನಿಂದ ಏಳ್ಬೇಕು. ಉಳಿದದ್ದು ಐದು ಗಂಟೆ. ಅದ್ರಲ್ಲಿ ಊಟ, ಬಾತ್‌ರೂಮ್, ಟಿಕೆಟಿನ ಸಾಲು.

ಅದೇ ಮೂರನೇ ಕಾಗದದಲ್ಲಿ ಕ್ರೊಯೇಶಿಯಾದ ಡುಬ್ರೋವ್ನಿಕ್ ಬೆಳಿಗ್ಗೆ 8ರಿಂದ ಸಂಜೆ 6. ನೋಡ್ಲಿಕ್ಕೆ ಎರಡು ಗಂಟೆ ಕಮ್ಮಿ. ಆದ್ರೆ ಅಲ್ಲಿ ಹಡಗು ನಿಲ್ಲುವ ಗ್ರುಝ್ ಬಂದರಿನಿಂದ ಹಳೇ ಕೋಟೆ ಪೇಟೆಗೆ ಬರೀ 3 ಕಿಲೋಮೀಟರ್, ಸಿಟಿ ಬಸ್ಸಿನಲ್ಲಿ ಕಾಲು ಗಂಟೆ. 9ಕ್ಕೆ ಕೋಟೆಯ ಒಳಗೆ, ನಾಲ್ಕೂವರೆಗೆ ಹೊರಟ್ರೂ ಗಡಿಬಿಡಿ ಇಲ್ಲ. ಏಳೂವರೆ ಗಂಟೆ ಸಿಕ್ಕಿತು. ಹನ್ನೆರಡು ಅಂತ ಬರೆದದ್ದು ಐದಾಯ್ತು, ಹತ್ತು ಅಂತ ಬರೆದದ್ದು ಏಳೂವರೆ ಆಯ್ತು. ಮಾಷ್ಟ್ರು ಗಣಿತ ಕಲಿಸಿದವರು, ಪೆನ್ಸಿಲನ್ನು ನನ್ನ ಕೈಯಿಂದ ತಕ್ಕೊಂಡು ಮೂರೂ ಕಾಗದದ ಅಂಚಿನಲ್ಲಿ ತಾವೇ ಬರೀಲಿಕ್ಕೆ ಶುರು ಮಾಡಿದ್ರು.

ನಮ್ಮ ಫ್ಲಾರೆನ್ಸಿನ ಕಥೆ ಹೇಳಿದ್ರೆ ಇದು ಇನ್ನೂ ಸರಿ ಗೊತ್ತಾಗ್ತದೆ. ನಮಗೆ ಟಿಕೆಟ್ ಮಾಡಿಕೊಟ್ಟ ಏಜೆಂಟ್ ಫ್ಲಾರೆನ್ಸ್, ಪೀಸಾ ಎರಡೂ ಒಂದೇ ದಿನ ಅಂತ ಹೇಳಿದ್ದ. ಹಡಗು ನಿಂತದ್ದು ಲಿವೋರ್ನೋದಲ್ಲಿ. ಅಲ್ಲಿಂದ ಫ್ಲಾರೆನ್ಸಿಗೆ 90 ಕಿಲೋಮೀಟರ್ ಹತ್ತಿರ, ಬಸ್ಸಿನಲ್ಲಿ ಒಂದೂವರೆ ಗಂಟೆ ಕೂತು ಹೋಗಿ, ಬಸ್ಸು ಊರಿನ ಒಳಗೆ ಬರ್ಲಿಕ್ಕಿಲ್ಲ ಅಂತ ಹೊರಗೆ ಇಳಿಸಿ, ನಮ್ಮ ಗುಂಪಿನ ನಂಬ್ರ 14, ಗೈಡ್ ಮಡಚಿದ ಹಸಿರು ಕೊಡೆ ಎತ್ತಿ ಹಿಡಿದು ಮುಂದೆ ಓಡ್ತಾ ಇದ್ಲು, ಅತ್ತೆಯನ್ನು ಕೈ ಹಿಡಿದು ನಾವು ಆ ಕೊಡೆಯ ಹಿಂದೆ. ಆ ದೊಡ್ಡ ಇಗರ್ಜಿಯ ಎದುರು ಹತ್ತು ನಿಮಿಷ, ಸೇತುವೆಯ ಹತ್ರ ಹತ್ತು ನಿಮಿಷ. ಮನೆಗೆ ಬಂದ ಮೇಲೆ ಫೋಟೋ ನೋಡಿದ್ರೆ ಎಂಟರಲ್ಲಿ ಆರು ಫೋಟೋದಲ್ಲಿ ಆ ಹಸಿರು ಕೊಡೆ. ಅದರ ಬದ್ಲು ಲಿವೋರ್ನೋದಿಂದ ಪೀಸಾ ಮಾತ್ರ ನೋಡಿದ್ರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಅರಾಮ ಇತ್ತು. ಫ್ಲಾರೆನ್ಸ್ ನೋಡ್ಲೇಬೇಕು ಅಂತಿದ್ದವರು ಅದಕ್ಕೆ ಬೇರೆಯೇ ಎರಡು ದಿನ ಇಡ್ಬೇಕು, ಹಡಗಿನಿಂದ ಹೋಗಿ ಬರುವ ಊರಲ್ಲ ಅದು.

ದೂರದ ಬಂದರುಗಳು ಯಾವುದೆಲ್ಲ ಅಂತ ಒಮ್ಮೆ ಗೊತ್ತಾದ್ರೆ ಕಾಗದ ಓದುದು ಸುಲಭ. ರೋಮಿಗೆ ಚಿವಿತಾವೆಕ್ಕಿಯಾ. ಫ್ಲಾರೆನ್ಸಿಗೆ ಲಿವೋರ್ನೋ ಅಥವಾ ಇನ್ನೂ ದೂರದ ಲಾ ಸ್ಪೆತ್ಸಿಯಾ. ಪ್ಯಾರಿಸಿಗೆ ಲೆ ಹಾವ್ರ್, ಅದು 200 ಕಿಲೋಮೀಟರ್ ಹತ್ತಿರ, ಕಾಸರಗೋಡಿನಲ್ಲಿ ಇಳಿದು ಕೋಝಿಕೋಡ್ ದಾಟಿ ಹೋಗಿ ಸಂಜೆಗೆ ವಾಪಾಸ್ ಬಂದ ಹಾಗೆ. ಬರ್ಲಿನ್ನಿಗೆ ವಾರ್ನೆಮ್ಯುಂಡೆ, ಅದೂ 200ಕ್ಕಿಂತ ಹೆಚ್ಚು. ವೆನಿಸ್ ಅಂತ ಬರೆದಿದ್ರಂತೂ ಎರಡು ಸಲ ನೋಡಿ, 2021ರ ಆಗಸ್ಟಿನಿಂದ ದೊಡ್ಡ ಹಡಗುಗಳನ್ನು ಊರಿನ ಎದುರಿನ ಕಾಲುವೆಗೆ ಬಿಡುದಿಲ್ಲ, ಹಾಗಾಗಿ "ವೆನಿಸ್" ಅಂತ ಮಾರುವ ಎಷ್ಟೋ ಕ್ರೂಸ್ ನಿಜಕ್ಕೂ ಟ್ರಿಯೆಸ್ಟೆಯಿಂದ ಅಥವಾ ರವೆನ್ನಾದಿಂದ ಹೊರಡುದು. ಇದು ಮೋಸ ಅಂತ ಅಲ್ಲ, ಬಂದರಿನ ಹೆಸರೂ ಕಾಗದದಲ್ಲಿ ಇರ್ತದೆ, ನಾವು ಓದುದಿಲ್ಲ ಅಷ್ಟೆ.

ಇನ್ನು ಹಡಗಿನಿಂದ ಇಳಿದ್ರೆ ಊರೇ ಸಿಗುವ ಬಂದರುಗಳೂ ಬೇಕಾದಷ್ಟು ಉಂಟು. ಮಾಲ್ಟಾದ ವಲೆಟ್ಟಾ ಅಂಥದ್ದು, ಕೋಟೆಯ ಬುಡದಲ್ಲೇ ಹಡಗು, ಮೇಲೆ ಪೇಟೆಗೆ ಲಿಫ್ಟ್. ನೇಪಲ್ಸ್, ಪಲೆರ್ಮೋ, ಜಿನೋವಾ, ಮಾಂಟೆನೆಗ್ರೋದ ಕೋಟೋರ್, ನಾರ್ವೆಯ ಬರ್ಗೆನ್, ಸ್ಟವಾಂಗರ್, ಎಸ್ಟೋನಿಯಾದ ಟಾಲಿನ್ ಇಲ್ಲೆಲ್ಲ ನಡೆದೇ ಹೋಗ್ಬಹುದು. ಅಥೆನ್ಸಿನ ಬಂದರು ಪಿರೇಯಸ್, ಊರಿಗೆ ಹತ್ತು ಹನ್ನೆರಡು ಕಿಲೋಮೀಟರ್, ಮೆಟ್ರೋ ಉಂಟು. ನೇಪಲ್ಸ್ ಬಂದರಿನಿಂದ ಪೊಂಪೆಯಿಗೆ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆ ಸಾಕು. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಬೆಂಕಿಬೆಟ್ಟದ ಬೂದಿಯಲ್ಲಿ ಮುಚ್ಚಿಹೋದ ಇಡೀ ಊರು, ರಸ್ತೆಯಲ್ಲಿ ಗಾಡಿಯ ಗಾಲಿ ಹೋದ ಗೆರೆ ಕೂಡ ಹಾಗೇ ಉಂಟು, ಅತ್ತೆ ಅಲ್ಲಿ ಹಿಟ್ಟು ಬೀಸುವ ಕಲ್ಲು ಮುಟ್ಟಿ ಮುಟ್ಟಿ ನೋಡಿದ್ರು. ನನಗೆ ಇಡೀ ಟ್ರಿಪ್ಪಿನಲ್ಲಿ ಅತಿ ಹೆಚ್ಚು ನೆನಪಿರುದು ಅದೇ ದಿನ, ರೋಮ್ ಅಲ್ಲ.

ಇನ್ನೊಂದು ಸಣ್ಣ ಅಕ್ಷರದ ಶಬ್ದ ಟೆಂಡರ್. ಕೆಲವು ಕಡೆ ಹಡಗು ದಡಕ್ಕೆ ತಾಗುದೇ ಇಲ್ಲ, ನಡು ನೀರಿನಲ್ಲಿ ನಿಂತು ಸಣ್ಣ ಬೋಟಿನಲ್ಲಿ ನಮ್ಮನ್ನು ದಡಕ್ಕೆ ಬಿಡುದು. ಇದರ ದೊಡ್ಡ ಉದಾಹರಣೆ ಗ್ರೀಸಿನ ಸಾಂತೋರಿನಿ, ಬಿಳಿ ಮನೆ ನೀಲಿ ಗುಮ್ಮಟದ ಫೋಟೋ ಎಲ್ಲರೂ ನೋಡಿರ್ತೀರಿ. ಆ ಮನೆಗಳೆಲ್ಲ ಇರುದು 200 ಮೀಟರಿಗಿಂತ ಎತ್ತರದ ಬರೆಯ ಮೇಲೆ, ಬೋಟ್ ಬಿಡುದು ಬುಡದಲ್ಲಿ. ಮೇಲೆ ಹೋಗ್ಲಿಕ್ಕೆ ಒಂದೋ ಕೇಬಲ್ ಕಾರು, ಅಲ್ಲದಿದ್ರೆ 600ರ ಹತ್ತಿರ ಮೆಟ್ಟಿಲು, ಆ ಮೆಟ್ಟಿಲಿನಲ್ಲಿ ಕತ್ತೆಗಳೂ ಹೋಗ್ತವೆ, ಅವುಗಳ ಸೆಗಣಿಯೂ ಇರ್ತದೆ. ಒಂದೇ ದಿನ ಮೂರು ನಾಲ್ಕು ಹಡಗು ಬಂದ್ರೆ ಕೇಬಲ್ ಕಾರಿನ ಕ್ಯೂ ಹೇಗಿರ್ಬಹುದು ಅಂತ ಲೆಕ್ಕ ಹಾಕಿ. ಮೊಣಕಾಲು ನೋವಿನವರನ್ನು ಕರ್ಕೊಂಡು ಹೋಗುವಾಗ ಇದನ್ನು ಮೊದಲು ಯೋಚಿಸ್ಬೇಕು. ಗಾಳಿ ಜೋರಿದ್ರೆ ಟೆಂಡರ್ ಬಂದ್, ಹಡಗು ಆ ಊರನ್ನೇ ಬಿಟ್ಟು ಮುಂದೆ ಹೋಗ್ತದೆ. ಜುಲೈ ಆಗಸ್ಟಿನಲ್ಲಿ ಆ ಸಮುದ್ರದಲ್ಲಿ ಮೆಲ್ತೆಮಿ ಅಂತ ಉತ್ತರದ ಗಾಳಿ ದಿನಗಟ್ಲೆ ಬೀಸ್ತದೆ, ಆಕಾಶದಲ್ಲಿ ಮೋಡ ಒಂದೂ ಇರುದಿಲ್ಲ, ಆದ್ರೆ ನೀರು ಕೆದರಿಕೊಂಡು ಇರ್ತದೆ. ನಮ್ಮ ಕಸಬಾ ಕಡಪ್ಪುರದವರಿಗೆ ಇದನ್ನು ಹೇಳಿಕೊಡ್ಬೇಕಾಗಿಲ್ಲ, ಬಿಸಿಲಿಗೂ ಸಮುದ್ರದ ಮೂಡಿಗೂ ಸಂಬಂಧ ಇಲ್ಲ. ಅಲ್ಲದೆ 2025ರ ಜುಲೈಯಿಂದ ಗ್ರೀಸಿನಲ್ಲಿ ಕ್ರೂಸಿನಿಂದ ಇಳಿಯುವವರಿಗೆ ಫೀಸೂ ಉಂಟು, ಸೀಸನಿನಲ್ಲಿ ಸಾಂತೋರಿನಿಗೂ ಮಿಕೋನೋಸಿಗೂ ಜನಕ್ಕೆ 20 ಯೂರೋ.

ಹಾಗಾದ್ರೆ ಯಾವ ಕಡೆಗೆ ಹೋಗುದು? ಯುರೋಪ್ ಕ್ರೂಸ್ ಅಂದ್ರೆ ಒಂದೇ ಅಲ್ಲ, ನಾಲ್ಕೈದು ಬೇರೆ ಬೇರೆ ಸಮುದ್ರ. ಪಶ್ಚಿಮ ಮೆಡಿಟರೇನಿಯನ್ ಅಂದ್ರೆ ಬಾರ್ಸಿಲೋನಾ, ಮಾರ್ಸೇ, ಜಿನೋವಾ, ರೋಮ್, ನೇಪಲ್ಸ್, ಪಲೆರ್ಮೋ, ಈ ಸುತ್ತು. ರೇಟು ಕಮ್ಮಿ, ಹಡಗು ಹೆಚ್ಚು, ಊರಿನ ಹೆಸರೆಲ್ಲ ಸಮಾಜ ಪಾಠದಲ್ಲಿ ಕೇಳಿದ್ದು, ಅದಕ್ಕೇ ಏಜೆಂಟರು ಮೊದಲು ತೋರಿಸುದು ಇದನ್ನೇ. ಆದ್ರೆ ದೂರದ ಬಂದರು ಅತಿ ಹೆಚ್ಚು ಇರುದೂ ಇಲ್ಲೇ, ಏಳು ರಾತ್ರಿಯಲ್ಲಿ ಆರು ಬಂದರು, ಒಂದು ದಿನವೂ ಕೂತ್ಕೊಳ್ಳಿಕ್ಕೆ ಇಲ್ಲ. ಪೂರ್ವ ಮೆಡಿಟರೇನಿಯನ್ ಅಂದ್ರೆ ಅಥೆನ್ಸ್, ಗ್ರೀಸಿನ ದ್ವೀಪಗಳು, ಟರ್ಕಿಯ ಕುಶಾದಸಿ. ಕುಶಾದಸಿಯಿಂದ ಎಫೆಸಸ್ ಅಂತ ಹಳೇ ರೋಮನ್ ಕಾಲದ ಊರಿಗೆ 20 ಕಿಲೋಮೀಟರ್, ಅದು ನೋಡುವಂಥದ್ದೇ, ಆದ್ರೆ ಬಿಸಿಲು, ಕಲ್ಲುರಸ್ತೆ, ಮೆಟ್ಟಿಲು.

ಇಟಲಿ, ಕ್ರೊಯೇಶಿಯಾ ನಡುವಿನ ಏಡ್ರಿಯಾಟಿಕ್ ಸಮುದ್ರದ ಕಡೆಯದ್ದು ನನ್ನ ಲೆಕ್ಕದಲ್ಲಿ ಮೊದಲ ಸಲದವರಿಗೆ ಅತಿ ಲಾಯ್ಕ. ಟ್ರಿಯೆಸ್ಟೆಯಿಂದಲೋ ರವೆನ್ನಾದಿಂದಲೋ ಹೊರಟು ಸ್ಪ್ಲಿಟ್, ಡುಬ್ರೋವ್ನಿಕ್, ಕೋಟೋರ್, ಗ್ರೀಸಿನ ಕೋರ್ಫೂ. ಊರುಗಳೆಲ್ಲ ಸಣ್ಣ, ಬಂದರು ಹತ್ರ, ಅರ್ಧ ದಿನದಲ್ಲಿ ಸಮಾಧಾನದಲ್ಲಿ ನೋಡಿ ಮಧ್ಯಾಹ್ನ ಬೇಕಾದ್ರೆ ಹಡಗಿಗೆ ಬಂದು ಮಲಗಿ. ಕೋಟೋರಿಗೆ ಹೋಗುವ ದಿನ ಮಾತ್ರ ಬೆಳಿಗ್ಗೆ ಬೇಗ ಏಳ್ಬೇಕು, ಯಾಕಂದ್ರೆ ಅಲ್ಲಿ ಊರಿಗಿಂತ ಒಳಗೆ ಹೋಗುವ ದಾರಿಯೇ ಚಂದ. ಸಮುದ್ರ ಗುಡ್ಡಗಳ ನಡುವಿಗೆ ಹೊಳೆಯ ಹಾಗೆ ತಿರುಗಿ ತಿರುಗಿ 28 ಕಿಲೋಮೀಟರ್ ಒಳಗೆ ಬಂದದ್ದು, ಒಂದು ಕಡೆ ಅಗಲ 350 ಮೀಟರೂ ಇಲ್ಲ, ಆ ಸಂದಿನಲ್ಲಿ ಇಷ್ಟು ದೊಡ್ಡ ಹಡಗು ಮೆಲ್ಲ ನುಗ್ಗುವಾಗ ಎರಡೂ ಬದಿಯ ಮನೆಗಳ ಬಟ್ಟೆ ಒಣಗ್ಲಿಕ್ಕೆ ಹಾಕಿದ್ದು ಕಾಣ್ತದೆ. ಅಲ್ಲಿಗೆ ನಾನು ಹೋದದ್ದಲ್ಲ, ನಮ್ಮ ಭಾವ ಹೋದದ್ದು, ಅವ ಫೋನಿನಲ್ಲಿ ತೆಗೆದ ವಿಡಿಯೋ ನೋಡಿ ನಾನು ಹೊಟ್ಟೆ ಉರ್ಕೊಂಡದ್ದು.

ನಾರ್ವೆಯ ಫ್ಯೋರ್ಡುಗಳು, ಅಂದ್ರೆ ಎತ್ತರದ ಬಂಡೆಗಳ ನಡುವೆ ಒಳಗೆ ನುಗ್ಗಿದ ಸಮುದ್ರದ ಕವಲುಗಳು, ಬೇರೆಯೇ ಲೋಕ. ಅಲ್ಲಿ ಊರು ನೋಡ್ಲಿಕ್ಕೆ ಹೋಗುದಲ್ಲ, ಹಡಗಿನ ಡೆಕ್ಕಿನಲ್ಲಿ ನಿಂತು ನೋಡುದೇ ಟೂರು. ಗೈರಾಂಗರ್ ಫ್ಯೋರ್ಡ್ ಸುಮಾರು 15 ಕಿಲೋಮೀಟರ್ ಉದ್ದ, 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು, ಎರಡೂ ಕಡೆ ನೆಟ್ಟಗೆ ನಿಂತ ಬಂಡೆ, ಅದರಿಂದ ಅಬ್ಬಿ ಬೀಳುದು. ಮೇ, ಜೂನಿನಲ್ಲಿ ಹಿಮ ಕರಗುವಾಗ ಅಬ್ಬಿ ಜೋರು. ಫ್ಲೋಮ್ ಅಂತ ಒಂದು ಬಂದರಿನಲ್ಲಿ ಇಳಿದ್ರೆ ಅಲ್ಲಿಂದ 20 ಕಿಲೋಮೀಟರಿನ ರೈಲು ಸಮುದ್ರದ ಮಟ್ಟದಿಂದ 860 ಮೀಟರಿಗಿಂತ ಮೇಲೆ ಹತ್ತುದು, ಮಡಿಕೇರಿ ಘಾಟಿ ರೈಲಿನಲ್ಲಿ ಹತ್ತಿದ ಹಾಗೆ ಅಂತ ಇಟ್ಕೊಳ್ಳಿ. ಬರ್ಗೆನಿನಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗಿಂತ ಹೆಚ್ಚು ಮಳೆ ಅಂತ ಯುರೋಪಿನವರು ಹೆದರಿಸ್ತಾರೆ. ನಮ್ಮಲ್ಲಿ 3000 ದಾಟುದು, ಕೊಡೆ ಹಿಡಿದು ಶಾಲೆಗೆ ಹೋದವರು ನಾವು. ಚಳಿ ಮಾತ್ರ ಅಭ್ಯಾಸ ಇಲ್ಲ, ಜೂನಿನಲ್ಲೂ ಜಾಕೆಟ್ ಬೇಕು. ರೇಟು ಹೆಚ್ಚು, ದಡದಲ್ಲಿ ಒಂದು ಕಾಫಿ ಕುಡಿದ್ರೂ ಜೇಬು ತೂತು. ಸಮುದ್ರ, ತೆಂಗು, ಕೋಟೆ ಬೇಕಲದಲ್ಲೇ ಉಂಟಲ್ಲ, ಇಲ್ಲಿ ಇಲ್ಲದ್ದು ನೋಡುವ ಅನ್ನುವವರಿಗೆ ಇದು.

ಬಾಲ್ಟಿಕ್ ಸಮುದ್ರದ ಬಗ್ಗೆ ಹೆಚ್ಚು ಹೇಳುದಿಲ್ಲ. ಮೊದಲು ಆ ಸುತ್ತಿನ ದೊಡ್ಡ ಆಕರ್ಷಣೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಇತ್ತು, 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ನಂತರ ಹಡಗುಗಳು ಅಲ್ಲಿಗೆ ಹೋಗುದು ನಿಲ್ಲಿಸಿದ್ವು, ಈಗ ಸ್ಟಾಕ್‌ಹೋಮ್, ಟಾಲಿನ್, ಹೆಲ್ಸಿಂಕಿ, ಕೋಪನ್‌ಹೇಗನ್ ಉಳಿದದ್ದು, ಚಂದವೇ, ಆದ್ರೆ ಎರಡನೇ ಸಲಕ್ಕೆ ಇಡಿ. ಡ್ಯಾನ್ಯೂಬ್, ರೈನ್ ನದಿಯ ಕ್ರೂಸ್ ಬೇಕಾದ್ರೆ ಅದೂ ಉಂಟು, ಇನ್ನೂರು ಜನರ ಒಳಗಿನ ಸಣ್ಣ ಹಡಗು, ವಿಯೆನ್ನಾ ಬುಡಾಪೆಸ್ಟ್ ನಡುವೆ ಇಳಿದ್ರೆ ಪೇಟೆ. ಕಡಲಿನಲ್ಲಿ ತಲೆ ತಿರುಗುವವರಿಗೆ ಒಳ್ಳೇದು, ರೇಟು ಕೇಳಿದ್ರೆ ಮಾತ್ರ ತಲೆ ತಿರುಗ್ತದೆ.

ಟೀಚರ್ ನಡುವಿನಲ್ಲಿ ಕೇಳಿದ್ರು, "ಆದ್ರೆ ರೋಮ್ ನೋಡದೆ ಬರುದಾ? ಜನ ಕೇಳಿದ್ರೆ ಎಂತ ಹೇಳುದು?" ಇದಕ್ಕೊಂದು ಉಪಾಯ ಉಂಟು, ನಮಗೆ ಯಾರೂ ಹೇಳ್ಲಿಲ್ಲ. ದೊಡ್ಡ ಊರನ್ನು ನಡುವಿನ ಬಂದರಾಗಿ ನೋಡ್ಬೇಡಿ, ಹೊರಡುವ ಬಂದರಾಗಿ ಮಾಡ್ಕೊಳ್ಳಿ. ಎಂಎಸ್‌ಸಿ, ಕೋಸ್ಟಾ ಇಂಥ ಕಂಪೆನಿಗಳ ಮೆಡಿಟರೇನಿಯನ್ ಹಡಗುಗಳು ನಮ್ಮ ಸರ್ಕ್ಯುಲರ್ ಬಸ್ಸಿನ ಹಾಗೆ, ಅದೇ ಸುತ್ತನ್ನು ವಾರ ವಾರ ಹೊಡೀತಾ ಇರ್ತವೆ, ಜನ ಬಾರ್ಸಿಲೋನಾದಲ್ಲೂ ಹತ್ತುದು, ಜಿನೋವಾದಲ್ಲೂ ಹತ್ತುದು, ಚಿವಿತಾವೆಕ್ಕಿಯಾದಲ್ಲೂ ಹತ್ತುದು, ಎಲ್ಲಿ ಹತ್ತಿದ್ರೋ ಏಳು ದಿನದ ಮೇಲೆ ಅಲ್ಲೇ ಇಳಿಯುದು. ಹಾಗಾಗಿ ವಿಮಾನದಲ್ಲಿ ಸೀದಾ ರೋಮಿಗೆ ಹೋಗಿ, ಎರಡು ರಾತ್ರಿ ಲಾಡ್ಜಿನಲ್ಲಿ ನಿಂತು, ಊರು ಸಮಾಧಾನದಲ್ಲಿ ನೋಡಿ, ಮೂರನೇ ದಿನ ಮಧ್ಯಾಹ್ನ ರೈಲಿನಲ್ಲಿ ಬಂದರಿಗೆ ಹೋಗಿ ಹಡಗು ಹತ್ತಿ. ಆ 80 ಕಿಲೋಮೀಟರ್ ಹೇಗೂ ಹೋಗ್ಬೇಕಾದ ದಾರಿ ಆಯ್ತು, ಒಂದು ಬಂದರಿನ ದಿನ ಹಾಳಾಗ್ಲಿಲ್ಲ. ಇದರಲ್ಲಿ ಇನ್ನೊಂದು ಲಾಭ. ಇಲ್ಲಿಂದ ಕೊಚ್ಚಿಗೋ ಮಂಗಳೂರಿಗೋ ಹೋಗಿ, ಗಲ್ಫಿನಲ್ಲಿ ವಿಮಾನ ಬದಲಿಸಿ ಹೋಗುವ ನಾವು ಹಡಗು ಹೊರಡುವ ದಿನವೇ ಅಲ್ಲಿಗೆ ಮುಟ್ಟುವ ಹಾಗೆ ಟಿಕೆಟ್ ಮಾಡ್ಲೇಬಾರ್ದು, ವಿಮಾನ ಆರು ಗಂಟೆ ತಡ ಆದ್ರೆ ಹಡಗು ಕಾಯುದಿಲ್ಲ. ಸೂಟ್‌ಕೇಸ್ ಒಂದು ದಿನ ತಡವಾಗಿ ಬಂದ್ರೂ ಹೀಗೆ ಮೊದಲೇ ಹೋಗಿದ್ರೆ ಬಚಾವ್.

ಹಡಗು ಕಾಯುವ ಮಾತು ಬಂದ ಕಾರಣ ಹೇಳ್ತೇನೆ, ಬಂದರಿನಲ್ಲಿ ಇಳಿದು ತಿರುಗ್ಲಿಕ್ಕೆ ಎರಡು ದಾರಿ. ಹಡಗಿನವರೇ ಮಾಡುವ ಟೂರು, ಅದು ದುಬಾರಿ, ಆದ್ರೆ ಆ ಬಸ್ಸು ತಡ ಆದ್ರೆ ಹಡಗು ಕಾಯ್ತದೆ. ನಿಮ್ಮಷ್ಟಕ್ಕೇ ಹೋದ್ರೆ ಖರ್ಚು ಕಾಲು ಭಾಗ ಆಗ್ಬಹುದು, ತಡ ಆದ್ರೆ ಹಡಗು ಹೋಯ್ತು, ಮುಂದಿನ ಊರಿಗೆ ನಿಮ್ಮ ಖರ್ಚಿನಲ್ಲಿ ಓಡಿ ಹಿಡೀಬೇಕು. ದೂರದ ಬಂದರಿಗೆ ಹಡಗಿನವರ ಟೂರು, ಹತ್ತಿರದ್ದಕ್ಕೆ ಸ್ವಂತ ಕಾಲು, ಇದು ನಮ್ಮ ಲೆಕ್ಕ. ಮತ್ತೆ ಯಾವ ದಿನ ಯಾವ ವಾರ ಅಂತ ಕ್ಯಾಲೆಂಡರ್ ತೆಗೆದು ನೋಡಿ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಆದಿತ್ಯವಾರ ಬಿಟ್ರೆ ಬಾಕಿ ಆದಿತ್ಯವಾರ ಬಂದ್. ಫ್ಲಾರೆನ್ಸಿನ ಉಫಿತ್ಸಿ ಮ್ಯೂಸಿಯಂ ಸೋಮವಾರ ಬಂದ್. ನಾವು ಹೋದದ್ದು ಸೋಮವಾರ. ಹೇಗೂ ಹಸಿರು ಕೊಡೆ ಒಳಗೆ ಹೋಗುವ ಯೋಚನೆಯಲ್ಲಿ ಇರ್ಲಿಲ್ಲ ಅದು ಬೇರೆ.

ಸಮಯದ ಬಗ್ಗೆ ನಮಗೊಂದು ಅದೃಷ್ಟ. ಮೆಡಿಟರೇನಿಯನ್ನಿಗೆ ಒಳ್ಳೇ ಕಾಲ ಏಪ್ರಿಲ್ ಕೊನೆಯಿಂದ ಜೂನ್ ಶುರುವಿನವರೆಗೆ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್. ನಮ್ಮ ಶಾಲೆಗಳ ದೊಡ್ಡ ರಜೆಯೂ ಏಪ್ರಿಲ್, ಮೇ. ಜುಲೈ ಆಗಸ್ಟಿನಲ್ಲಿ ಯುರೋಪಿನವರಿಗೇ ರಜೆ, ರೇಟು ಮೇಲೆ, ಜನ ಮೇಲೆ ಜನ, ಬಿಸಿಲು 35 ಡಿಗ್ರಿ ದಾಟುದು ಸಾಮಾನ್ಯ.

ಈಗ ವೀಸಾ, ಇದನ್ನು ಕೊನೆಗೆ ಹೇಳಿದ್ರೂ ಮಾಷ್ಟ್ರ ಎರಡನೇ ಕಾಗದ ಬಿದ್ದುಹೋದದ್ದು ಇದರಿಂದಲೇ. ಷೆಂಗೆನ್ ಅಂದ್ರೆ 29 ದೇಶಗಳ ಒಂದು ಬೇಲಿ, ಒಳಗೆ ಬಂದ ಮೇಲೆ ಒಂದೇ ವೀಸಾ. ಇಟಲಿ, ಸ್ಪೇನ್, ಫ್ರಾನ್ಸ್, ಗ್ರೀಸ್, ಮಾಲ್ಟಾ, ನಾರ್ವೆ ಎಲ್ಲ ಒಳಗೆ. ಕ್ರೊಯೇಶಿಯಾ 2023ರ ಜನವರಿ 1ಕ್ಕೆ ಒಳಗೆ ಬಂತು. ಟರ್ಕಿ, ಮಾಂಟೆನೆಗ್ರೋ, ಇಂಗ್ಲೆಂಡ್ ಬೇಲಿಯ ಹೊರಗೆ. ಕ್ರೂಸಿನಲ್ಲಿ ಎಂತ ಆಗ್ತದೆ ಅಂದ್ರೆ, ಹಡಗು ಇಟಲಿಯಿಂದ ಹೊರಟು ಕೋಟೋರಿಗೆ ಹೋದ್ರೆ ನೀವು ಬೇಲಿ ದಾಟಿ ಹೊರಗೆ ಹೋದ ಲೆಕ್ಕ, ಮತ್ತೆ ಗ್ರೀಸಿಗೆ ಬಂದ್ರೆ ಪುನಃ ಒಳಗೆ. ಸಿಂಗಲ್ ಎಂಟ್ರಿ ವೀಸಾ ಇದ್ರೆ ಅಲ್ಲಿಗೆ ಮುಗೀತು, ಹಡಗು ಹತ್ತುವಲ್ಲೇ ತಡೀತಾರೆ. ಹಾಗಾಗಿ ಅರ್ಜಿಯಲ್ಲಿಯೇ ಮಲ್ಟಿಪಲ್ ಎಂಟ್ರಿ ಕೇಳಿ, ಹಡಗಿನ ಇಟಿನರರಿ ಜೊತೆಗೆ ಇಟ್ಟು ಯಾಕೆ ಬೇಕು ಅಂತ ತೋರಿಸಿ. ಮಾಂಟೆನೆಗ್ರೋಕ್ಕೆ ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇದ್ರೆ ಬೇರೆ ವೀಸಾ ಬೇಡ. ಟರ್ಕಿಗೆ ಅದರದ್ದೇ ನಿಯಮ, ಇಂಗ್ಲೆಂಡಿಗೆ ಬೇರೆಯೇ ವೀಸಾ ಬೇಕು, ಅದರ ಫೀಸೂ ಬೇರೆ, ಕಾಯುವ ದಿನವೂ ಬೇರೆ. ಸೌತಾಂಪ್ಟನ್ನಿನಿಂದ ಹೊರಡುವ ಕ್ರೂಸ್ ಎಷ್ಟು ಚೀಪ್ ಕಂಡ್ರೂ ಎರಡು ವೀಸಾದ ಖರ್ಚು ಕೂಡಿಸಿ ನೋಡಿ. ಮಾಷ್ಟ್ರ ಎರಡನೇ ಕಾಗದ ಅದೇ ಆಗಿತ್ತು.

ಯಾವ ದೇಶದ ವೀಸಾ ಕೇಳುದು ಅನ್ನುದು ಎಲ್ಲರಿಗೂ ಗೊಂದಲ. ಹೆಚ್ಚು ದಿನ ಯಾವ ದೇಶದಲ್ಲೋ ಆ ದೇಶ, ಎಲ್ಲ ಸಮ ಇದ್ರೆ ಮೊದಲು ಕಾಲಿಡುವ ದೇಶ. ಹೊರಡುವ ಊರಿನಲ್ಲಿ ಎರಡು ರಾತ್ರಿ ಮೊದಲೇ ನಿಂತ್ರೆ ಈ ಗೊಂದಲವೂ ಪರಿಹಾರ ಆಗ್ತದೆ, ಇಟಲಿ ಅಂದ್ರೆ ಇಟಲಿ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕ್ಬಹುದು, ಕೊನೆಗೆ 15 ದಿನ ಇರುವಾಗಲಾದ್ರೂ ಹಾಕಿರ್ಬೇಕು, ಆದ್ರೆ ರಜೆಯ ಸಮಯದಲ್ಲಿ ಅಪಾಯಿಂಟ್‌ಮೆಂಟ್ ಸಿಗುದೇ ಕಷ್ಟ, ಮೂರು ತಿಂಗಳ ಮೊದಲೇ ನೋಡ್ಕೊಳ್ಳಿ. ದೊಡ್ಡವರಿಗೆ ಫೀಸು 90 ಯೂರೋ, ಅರ್ಜಿ ತಕ್ಕೊಳ್ಳುವ ವೀಸಾ ಸೆಂಟರಿನವರ ಚಾರ್ಜ್ ಅದರ ಮೇಲೆ. ಟ್ರಾವೆಲ್ ಇನ್ಶೂರೆನ್ಸ್ ಕಮ್ಮಿಯಲ್ಲಿ 30,000 ಯೂರೋದ್ದು ಬೇಕು. ಬೆರಳಚ್ಚು ಕೊಡ್ಲಿಕ್ಕೆ ಖುದ್ದು ಹೋಗ್ಬೇಕು, ಕಾಸರಗೋಡಿನವರು ಎಲ್ಲಿಗೆ ಹೋಗುದು ಅನ್ನುದು ಆ ದೇಶದ ಮೇಲೆ ಹೋಗ್ತದೆ, ಪಾಸ್‌ಪೋರ್ಟಿನಲ್ಲಿ ಕೇರಳದ ಅಡ್ರೆಸ್ ಇದ್ದು ಉಳಿಯುದು ಮಂಗಳೂರಿನಲ್ಲಿ ಅಂತಾದ್ರೆ ಕೇಳಿಯೇ ಹೋಗಿ. ಗಡಿನಾಡಿನವರಿಗೆ ಈ ಎರಡೂ ಕಡೆಯ ತಾಪತ್ರಯ ಹೊಸದಲ್ಲ.

ಊಟದ ಬಗ್ಗೆ ಟೀಚರಿಗೆ ಹೆದರಿಕೆ ಇತ್ತು. ದೊಡ್ಡ ಹಡಗುಗಳಲ್ಲಿ ಸಸ್ಯಾಹಾರ ಸಿಗ್ತದೆ, ಬುಕ್ ಮಾಡುವಾಗಲೇ ಬರೆಸಿ, ಮೊದಲ ದಿನ ರಾತ್ರಿ ಹೆಡ್ ವೇಟರಿಗೆ ಇನ್ನೊಮ್ಮೆ ಹೇಳಿ, ಎಷ್ಟೋ ಹಡಗಿನಲ್ಲಿ ಅಡುಗೆಯವರಲ್ಲಿ ನಮ್ಮ ದೇಶದವರು ಇರ್ತಾರೆ. ಕುಚ್ಚಿಲಕ್ಕಿ ಗಂಜಿ ಸಿಗ್ಲಿಕ್ಕಿಲ್ಲ. ಮಿಡಿ ಉಪ್ಪಿನಕಾಯಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ. ರೂಮಿಗೆ ಬಾಲ್ಕನಿ ಬೇಕಾ ಅಂತ ಕೇಳಿದ್ರು, ಮೆಡಿಟರೇನಿಯನ್ನಿನಲ್ಲಿ ಹಗಲೆಲ್ಲ ಹೊರಗೆ ಇರುದು, ಒಳಗಿನ ರೂಮ್ ಸಾಕು, ಉಳಿದ ದುಡ್ಡಿನಲ್ಲಿ ಎರಡು ರಾತ್ರಿ ರೋಮಿನ ಲಾಡ್ಜ್ ಬರ್ತದೆ. ನಾರ್ವೆಗಾದ್ರೆ ಮಾತ್ರ ಬಾಲ್ಕನಿಗೆ ಖರ್ಚು ಮಾಡ್ಬಹುದು.

ಅಷ್ಟು ಹೊತ್ತಿಗೆ ಮಾಷ್ಟ್ರ ಲೆಕ್ಕ ಮುಗಿದಿತ್ತು. ಮೊದಲನೇ ಕಾಗದ, ಆರು ಊರು, ದೂರದ್ದೆಲ್ಲ ಕಳೆದು ನೆಲದ ಮೇಲೆ 33 ಗಂಟೆ. ಮೂರನೇದು, ನಾಲ್ಕೇ ಊರು ಮತ್ತೆ ಎರಡು ದಿನ ಬರೀ ಕಡಲು, ನೆಲದ ಮೇಲೆ 31 ಗಂಟೆ. "ಎರಡು ಊರು ಹೆಚ್ಚು ಓಡಿದ್ರೆ ಸಿಗುದು ಎರಡು ಗಂಟೆಯಾ?" ಅಂತ ಟೀಚರ್ ಕನ್ನಡಕ ತೆಗೆದು ನೋಡಿದ್ರು. ಮೂರನೇದ್ದು ಅಂತ ಆಯ್ತು, ರೋಮಿನಲ್ಲಿ ಮೊದಲು ಎರಡು ರಾತ್ರಿ, ಅಲ್ಲಿಂದ ರೈಲಿನಲ್ಲಿ ರವೆನ್ನಾ. ಕೋಟೋರ್ ಇದ್ದ ಕಾರಣ ಮಲ್ಟಿಪಲ್ ಎಂಟ್ರಿ ಅಂತ ಕಾಗದದ ಹಿಂದೆ ಬರೆದು ಎರಡು ಗೆರೆ ಎಳೆದ್ರು. ವಾಪಾಸ್ ಬಂದ ಮೇಲೂ ಪಾಸ್‌ಪೋರ್ಟ್ ಮೂರು ತಿಂಗಳು ಚಾಲ್ತಿಯಲ್ಲಿ ಇರ್ಬೇಕು ಅಂತ ನಾನು ಹೇಳಿದ ಮೇಲೆ ಟೀಚರ್ ಚೀಲದಿಂದ ಎರಡೂ ಪಾಸ್‌ಪೋರ್ಟ್ ತೆಗೆದ್ರು. ಮಾಷ್ಟ್ರದ್ದು ಸರಿ ಉಂಟು. ಟೀಚರದ್ದು ಹೊರಡುವ ತಿಂಗಳಿನಲ್ಲೇ ಮುಗಿಯುದು. ಸೋಮವಾರ ಮೊದಲು ಅದಕ್ಕೆ ಹೋಗುದು ಅಂತ ಮಾತಾಡಿಕೊಂಡು ಇಬ್ರೂ ನಾಲ್ಕೂವರೆಯ ಬಸ್ಸಿಗೆ ಇಳಿದ್ರು.